ಮಸ್ಕಿಯ ಬಂಡೆಯ ಮೇಲಿನ ಒಂದು ಕ್ರಿಯಾರೂಪ

ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ಮಾರ್ಗದಲ್ಲಿ ಮಸ್ಕಿಯೆಂಬ ಊರು ಸಿಕ್ಕುವುದು. ಹಿಂದೆ ಲಿಂಗಸೂಗೂರು ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕಿನ ಮುಖ್ಯಸ್ಥಳವಾಗಿರುವ ಈ ಊರಿನ ಗುಡ್ಡದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು ವಾಚಕರು ಬಲ್ಲರು. 1915ನೆಯ ಇಸವಿಯ ಜನವರಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಇದನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಇದನ್ನು ಪ್ರಕಟಿಸಿದರು. ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದು ಇದರಿಂದ ಸ್ಥಿರಪಟ್ಟಿತು. ಆ ಹೆಸರಿನ ಕೀರ್ತಿಯ ಮರೆಯಲ್ಲಿ ಉಳಿದುಹೋದ ಮತ್ತೊಂದು ಶಬ್ದವನ್ನು ಕುರಿತು ನಾವಿಂದು ನಾಲ್ಕು ಮಾತುಗಳನ್ನಾಡುವೆವು. ಅದು ‘ಮಿಸಿಭೂತಾ’ ಎಂಬ ಕ್ರಿಯಾರೂಪ.

ಹಿಂದೆ ‘ಅಮಿಸಾ’ ಆಗಿದ್ದ ದೇವತೆಗಳು ಈಗ ‘ಮಿಸಾ’ ಆದರೆಂದು ಇದೇ ಶಾಸನದ ಬೇರೆ ಪ್ರತಿಗಳು ಹೇಳುತ್ತವೆ. ‘ಮಿಸಾ’ ಎಂದರೇನು? ಅದು ಸಂಸ್ಕೃತದ ‘ಮೃಷಾ’, ಎಂದರೆ ಸುಳ್ಳು, ಎಂದು ಮೊದಲಿನ ಕೆಲವು ವಿದ್ವಾಂಸರು ಬಗೆದರು. ಹಾಗಾದರೆ ಜನರು ನಂಬಿದ್ದ ದೇವರುಗಳನ್ನು ಅಶೋಕನು ಸುಳ್ಳೆನಿಸಿದನೆಂದು ಅರ್ಥವಾಗುವುದು! ಅದು ‘ಮಿಶ್ರ’ ಶಬ್ದವೇ ಇರಬೇಕೆಂದು ಫ್ರಾನ್ಸ್ ದೇಶದ ಸಿಲ್ವೇನ್ ಲೆವಿ ಎಂಬ ಪಂಡಿತರು ಸೂಚಿಸಿದರು. ಮಸ್ಕಿಯ ಬಂಡೆಯು ಈ ಪಕ್ಷಕ್ಕೇ ಸಾಕ್ಷಿ ನುಡಿಯಿತು.

ಹೇಗೆಂದರೆ, ಮೊದಲು ಹಾಗಿಲ್ಲದ ವಸ್ತುವು ಹಾಗೆ ಆಯಿತೆಂದು ಹೇಳುವಾಗ ಸಂಸ್ಕೃತದಲ್ಲಿ ನಾಮಪದದ ಕೊನೆಯ ಅಕಾರವು ಈಕಾರವಾಗಿ, ಮುಂದೆ ‘ಕೃ’ ಅಥವಾ ‘ಭೂ’ ಧಾತುವು ಬರುವುದು. ವೈಯಾಕರಣರು ಇದನ್ನು ಚ್ವಿ ಪ್ರತ್ಯಯವೆನ್ನುವರು. ಭಸ್ಮವಲ್ಲದುದು ಭಸ್ಮವಾದರೆ ‘ಭಸ್ಮೀಭೂತ’. ಬೆರೆಯದಿದ್ದುದು ಬೆರೆತರೆ ‘ಮಿಶ್ರೀಭೂತ’. ‘ಮೃಷಾ’ ಎಂಬುದಾದರೋ ಅವ್ಯಯ. ಅದಕ್ಕೆ ಈ ಈಕಾರವು ಸಲ್ಲದು. ಆದುದರಿಂದ ಮಸ್ಕಿಯ ‘ಮಿಸಿಭೂತಾ’ ಎಂಬುದು ‘ಮಿಶ್ರೀಭೂತಾಃ’ ಎಂಬುದೇ ಸರಿ. ದೇವತೆಗಳು ಸುಳ್ಳಾಗಲಿಲ್ಲ, ಮನುಷ್ಯರೊಡನೆ ಬೆರೆತರು. ಒಂದು ಸ್ವರದ ಬಲದಿಂದ ಚಕ್ರವರ್ತಿಯ ಮೇಲಿನ ದೇವನಿಂದೆಯ ಅಪವಾದವು ನೀಗಿತು.

ಈ ರೂಪದಲ್ಲಿ ಇನ್ನೊಂದು ಸೊಗಸಿದೆ. ಮಧ್ಯಪ್ರದೇಶದ ರೂಪನಾಥದ ಪ್ರತಿಯಲ್ಲಿ ‘ಮಿಸಾ ಕಟಾ’, ಎಂದರೆ ‘ಬೆರೆಸಲ್ಪಟ್ಟರು’ ಎಂದಿದೆ. ಮಸ್ಕಿಯಲ್ಲಿ ‘ಬೆರೆತವರಾದರು’ ಎಂದಿದೆ. ಮಾಡುವುದಕ್ಕೂ ಆಗುವುದಕ್ಕೂ ಇರುವ ಅಂತರವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ‘ಏಕೀಕರಣ’ವೆಂಬ ನಮ್ಮ ಬಳಕೆಯ ಮಾತೂ ಇದೇ ಚ್ವಿಯ ಸಂತಾನವಷ್ಟೆ. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಈ ರಾಯಚೂರು ಸೀಮೆಯು 1956ನೆಯ ಇಸವಿಯ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ಕೂಡಿತು. ಏಕೀಕರಣವನ್ನು ಕಾನೂನು ಮಾಡಬಲ್ಲುದು. ಏಕೀಭಾವವು ಜನರ ಮನಸ್ಸಿನಲ್ಲಿ ತಾನಾಗಿಯೇ ಆಗಬೇಕು. ಮನೆಗೆ ಬಂದ ಸೊಸೆಯ ವಿಷಯದಲ್ಲಿಯೂ ಮಾತು ಇಷ್ಟೇ: ಕೂಡಿಸುವವರು ಹಿರಿಯರು, ಬೆರೆಯಬೇಕಾದವು ಹೃದಯಗಳು.

ಧರ್ಮದಲ್ಲಿ ತೊಡಗಿದ ಅಲ್ಪನೂ ಈ ಫಲವನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು ಎಂದು ಶಾಸನವು ಮುಂದುವರಿಯುತ್ತದೆ. ಸಿಂಧನೂರಿನ ಕಡೆ ಪಯಣಿಸುವ ಸೋದರ ಸೋದರಿಯರು ಮಸ್ಕಿಯಲ್ಲಿಳಿದು ಮಕ್ಕಳಿಗೆ ಆ ಬಂಡೆಯನ್ನು ತೋರಿಸಲಿ. ‘ಅಶೋಕ’ನ ಹೆಸರಿನೊಂದಿಗೆ ಈ ಕ್ರಿಯಾರೂಪದ ಕಥೆಯನ್ನೂ ಹೇಳಲಿ.