ಪಂಪ್ ಹೋಗಿದೆ ಎನ್ನುವ ಮುಂಚೆ

ಹಳೆಯ ಪೆಟ್ರೋಲ್ ಕಾರು ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಇನ್ನೊಂದು ಕಾರು ಊರೊಳಗೆ ಚೆನ್ನಾಗಿಯೇ ಓಡಿ, ಶಿರಾಡಿ ಘಾಟಿ ಏರುವಾಗ ಪಿಕಪ್ ಕಳೆದುಕೊಳ್ಳುತ್ತದೆ. ಎರಡಕ್ಕೂ ಗ್ಯಾರೇಜಿನಲ್ಲಿ ಸಿಗುವ ಉತ್ತರ ಬಹಳ ಸಲ ಒಂದೇ: ‘ಪಂಪ್ ಹೋಗಿದೆ ಸಾರ್, ಹೊಸದು ಹಾಕ್ಬೇಕು.’ ಎರಡೂ ಪೆಟ್ರೋಲ್ ಪ್ರೆಷರಿನ ತೊಂದರೆಯೇ ಇರಬಹುದು, ಆದರೆ ಒಂದೇ ಕಾಯಿಲೆಯಲ್ಲ. ನಿಂತ ಕಾರಿನಲ್ಲಿ ಪ್ರೆಷರ್ ಸೋರುವುದು ಬೇರೆ, ಓಡುವ ಕಾರಿಗೆ ಪ್ರೆಷರ್ ಸಾಲದಿರುವುದು ಬೇರೆ.

ಮೂರು ಬಾರ್ ಲೆಕ್ಕ

ಕಾರ್ಬುರೇಟರ್ ಕಾಲದಲ್ಲಿ ಪೆಟ್ರೋಲ್ ಮೇಲಕ್ಕೆ ಬಂದರೆ ಸಾಕಿತ್ತು, ಅರ್ಧ ಬಾರ್ ಒತ್ತಡವೂ ಬೇಕಿರಲಿಲ್ಲ. 1998ರಲ್ಲಿ ಬಂದ ಸ್ಯಾಂಟ್ರೊ, 2000ದ ಹೊತ್ತಿಗೆ ಎಂಪಿಎಫ್‌ಐ ಆದ ಮಾರುತಿ 800 ಮುಂತಾದ ಕಾರುಗಳಲ್ಲಿ ಪೆಟ್ರೋಲನ್ನು ಇಂಜೆಕ್ಟರ್ ಸೂಕ್ಷ್ಮ ಹನಿಗಳಾಗಿ ಸಿಂಪಡಿಸುತ್ತದೆ. ಇಂಥ ವ್ಯವಸ್ಥೆಗೆ ಸಾಮಾನ್ಯವಾಗಿ 2.5ರಿಂದ 3.5 ಬಾರ್ ಒತ್ತಡ ಬೇಕು. ಟ್ಯಾಂಕಿನೊಳಗಿನ ಪಂಪ್ ಅದನ್ನು ಕೊಡುತ್ತದೆ, ರೆಗ್ಯುಲೇಟರ್ ಅದನ್ನು ಹದದಲ್ಲಿಟ್ಟು ಹೆಚ್ಚಾದ ಪೆಟ್ರೋಲನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸು ಕಳಿಸುತ್ತದೆ.

ಎಂಜಿನ್ ಆಫ್ ಆದ ಮೇಲೂ ಪೈಪಿನಲ್ಲಿ ಒತ್ತಡ ಉಳಿಯಬೇಕು. ಬಿಸಿ ಎಂಜಿನ್ ಪಕ್ಕದ ಪೈಪಿನಲ್ಲಿ ಪೆಟ್ರೋಲ್ ಕುದಿಯದಂತೆ ಅದನ್ನು ತಡೆಯುವುದು ಈ ಒತ್ತಡವೇ. ಅದು ಇಳಿದರೆ ಪೈಪಿನ ತುಂಬ ಆವಿಯ ಗುಳ್ಳೆ. ಕಲಬುರಗಿಯ ಬೇಸಿಗೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗಲು ಹಟ ಹಿಡಿಯುವುದು ಇದರಿಂದಲೂ ಇರಬಹುದು. ಒತ್ತಡ ಹಿಂದಕ್ಕೆ ಜಾರದಂತೆ ಪಂಪಿನ ಬಾಯಲ್ಲಿ ಒಂದು ಚೆಕ್ ವಾಲ್ವ್ ಇರುತ್ತದೆ. ಬಾವಿಗಿಳಿಸಿದ ಪೈಪಿನ ಫುಟ್‌ವಾಲ್ವ್ ಸೋರಿದರೆ ಮೋಟರ್ ಚೆನ್ನಾಗಿದ್ದರೂ ರೈತ ಮತ್ತೆ ಮತ್ತೆ ನೀರು ತುಂಬಿಸಬೇಕಾಗುತ್ತದಲ್ಲ, ಇಲ್ಲಿಯೂ ಅದೇ ಪಾಡು.

ಮೊದಲು ಕಿವಿ, ಆಮೇಲೆ ಗೇಜ್

ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಹಿಂದಿನ ಸೀಟಿನ ಕಡೆಗೆ ಕಿವಿಗೊಡಿ. ಹೆಚ್ಚಿನ ಕಾರುಗಳಲ್ಲಿ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ಗುಟ್ಟಿ ಸುಮ್ಮನಾಗುತ್ತದೆ. ಸದ್ದೇ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಫ್ಯೂಸ್, ರಿಲೇ, ಪ್ಲಗ್ ಮತ್ತು ಅರ್ಥ್ ವೈರ್. ಸದ್ದಿದ್ದರೆ ಹೀಗೆ ಮೂರು ಸಲ ಕೀ ಆನ್-ಆಫ್ ಮಾಡಿ, ನಂತರ ಸೆಲ್ಫ್ ಹೊಡೆಯಿರಿ. ಥಟ್ಟನೆ ಸ್ಟಾರ್ಟ್ ಆದರೆ ಪಂಪ್ ದುಡಿಯುತ್ತಿದೆ, ನಿಂತಾಗ ಎಲ್ಲೋ ಪ್ರೆಷರ್ ಸೋರುತ್ತಿದೆ ಎಂದು ಅನುಮಾನಿಸಬಹುದು.

ಎಲ್ಲಿ ಎಂದು ಹೇಳಲು ಗೇಜ್ ಬೇಕು. ಪ್ರೆಷರ್ ಏರಿಸಿ, ಕೀ ಆಫ್ ಮಾಡಿ, ಮುಳ್ಳನ್ನು ಗಮನಿಸಬೇಕು. ನಿಧಾನವಾಗಿ ಸ್ವಲ್ಪ ಇಳಿದರೆ ಚಿಂತೆಯಿಲ್ಲ, ನಿಮಿಷದೊಳಗೆ ಸೊನ್ನೆ ಮುಟ್ಟಿದರೆ ಸೋರಿಕೆ ಖಚಿತ. ಮತ್ತೆ ಪ್ರೆಷರ್ ಏರಿಸಿ, ಆಫ್ ಮಾಡಿದ ಕೂಡಲೇ ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿಗೆ ಕ್ಲಾಂಪ್ ಹಾಕಿದಾಗ ಮುಳ್ಳು ನಿಂತರೆ ತಪ್ಪು ಟ್ಯಾಂಕಿನ ಕಡೆಯದು: ಚೆಕ್ ವಾಲ್ವ್, ಇಲ್ಲವೇ ಒಳಗಿನ ಪೈಪ್. ರಿಟರ್ನ್ ಪೈಪಿಗೆ ಹಾಕಿದಾಗ ನಿಂತರೆ ರೆಗ್ಯುಲೇಟರ್. ಎರಡನ್ನೂ ಮುಚ್ಚಿದರೂ ಇಳಿದರೆ, ಹೊರಗೆಲ್ಲೂ ಒಸರುವುದು ಕಾಣದಿದ್ದರೆ, ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಒದ್ದೆಯಾಗಿ ಕಪ್ಪಗಾದ ಸ್ಪಾರ್ಕ್ ಪ್ಲಗ್ ಅದಕ್ಕೆ ಸಾಕ್ಷಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತಾಗ ಅದರೊಳಗೆ ಪೆಟ್ರೋಲ್ ಕಂಡರೆ ಡಯಾಫ್ರಾಂ ಹರಿದಿದೆ, ಬೇರೆ ಪರೀಕ್ಷೆಯೇ ಬೇಡ. ಗಟ್ಟಿ ನೈಲಾನ್ ಪೈಪಿಗೆ ಮಾತ್ರ ಕ್ಲಾಂಪ್ ಹಾಕಬಾರದು, ಬಿರಿಯುತ್ತದೆ. ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವ ಕಾರುಗಳಲ್ಲಿ ರಿಟರ್ನ್ ಪೈಪ್ ಮುಂದಕ್ಕೆ ಬರುವುದೇ ಇಲ್ಲ.

ಘಾಟಿಯ ಕಾಯಿಲೆ

ಐಡಲಿನಲ್ಲಿ ಮೂರು ಬಾರ್ ಇದ್ದು, ಭಾರ ಬಿದ್ದಾಗ ಒಂದೂವರೆಗೆ ಕುಸಿದರೆ ಅದು ಸೋರಿಕೆಯಲ್ಲ, ಪೂರೈಕೆಯ ಕೊರತೆ. ಕಟ್ಟಿಕೊಂಡ ಫಿಲ್ಟರ್, ಟ್ಯಾಂಕಿನ ತಳದ ಕಸ ಮೆತ್ತಿದ ಜಾಲರಿ, ಕಿಲುಬು ಹಿಡಿದ ಪ್ಲಗ್ಗಿನಿಂದ ಪಂಪಿಗೆ ಸಾಲದ ವೋಲ್ಟೇಜ್, ಇವಿಷ್ಟನ್ನೂ ನೋಡಿದ ಮೇಲೆಯೇ ಪಂಪಿನ ಸರದಿ. ವೋಲ್ಟೇಜನ್ನು ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಪ್ಲಗ್ ಬಿಚ್ಚಿ ಅಳೆದರೆ ಸುಟ್ಟ ವೈರ್ ಕೂಡ 12 ವೋಲ್ಟ್ ತೋರಿಸೀತು.

ಪಂಪನ್ನು ತಂಪಾಗಿಡುವುದು ಟ್ಯಾಂಕಿನ ಪೆಟ್ರೋಲೇ. ಸದಾ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಸವೆಯುವುದು ಹೀಗೆ. ಈಗ ಎಥೆನಾಲ್ ಪ್ರಮಾಣವೂ ಏರಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಪೈಪು, ಓ-ರಿಂಗುಗಳು ಉಬ್ಬಬಹುದು, ಬಿರಿಯಬಹುದು. ಟ್ಯಾಂಕಿನೊಳಗೆ ಪೈಪ್ ಸೀಳಿದರೆ ಹೊರಗೆ ಹನಿಯೂ ಕಾಣದು, ಗೇಜ್ ಮಾತ್ರ ಇಳಿಯುತ್ತದೆ.

ಪೈಪ್ ಬಿಚ್ಚುವ ಮುಂಚೆ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪ್ರೆಷರ್ ಇಳಿಸಬೇಕು. ಎಂಜಿನ್ ಆರಿದ ಮೇಲೆ, ಗಾಳಿಯಾಡುವ ಜಾಗದಲ್ಲಿ, ಅಗ್ನಿಶಾಮಕ ಕೈಗೆಟಕುವಂತಿಟ್ಟುಕೊಂಡು ಮಾಡುವ ಕೆಲಸ ಇದು. ಅಭ್ಯಾಸ ಇಲ್ಲದವರು ಮೆಕ್ಯಾನಿಕ್‌ಗೇ ಬಿಡುವುದು ಲೇಸು.

ಬಿಟ್ಟರೂ ಮೂರು ಅಂಕಿ ಕೇಳಿ ಬರೆದುಕೊಳ್ಳಿ: ಕೀ ಆನ್ ಮಾಡಿದಾಗ ಎಷ್ಟು ಪ್ರೆಷರ್, ಭಾರ ಬಿದ್ದಾಗ ಎಷ್ಟು, ಆಫ್ ಮಾಡಿ ಹತ್ತು ನಿಮಿಷದ ಮೇಲೆ ಎಷ್ಟು. ಇವನ್ನು ಹೇಳಬಲ್ಲವರು ಪಂಪ್ ಹೋಗಿದೆ ಎಂದರೆ ನಂಬಬಹುದು. ಗೇಜ್ ಹಾಕದೆಯೇ ಪಂಪ್ ತರಿಸಲು ಹೊರಟವರಿಗೆ ‘ತಡೀರಿ’ ಎನ್ನುವ ಹಕ್ಕು ಕಾರಿನ ಮಾಲೀಕರಿಗಿದೆ.