ಒಂದು ಥರ್ಟಿ-ಫಾರ್ಟಿ ಸೈಟಿನಲ್ಲಿ ಯುದ್ಧ

ನಮ್ಮ ಮೊದಲ ಪ್ಲಾನ್ ಕೇಳಿದ್ರೆ ನಗ್ತೀರ. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿದ್ದಿದ್ದನ್ನು ಪೂರ್ತಿಯಾಗಿ ಮಾಡೆಲ್ ಮಾಡೋಣ ಅಂತ ಹೊರಟಿದ್ವಿ. ಫಿರಂಗಿ ಏಟಿಗೆ ಒಡೆದ ಗೋಡೆ, ಬೇಸಿಗೆಯ ಕಾವೇರಿ, ಬಂಡೆಗಳ ನಡುವೆ ನೀರಲ್ಲಿ ನುಗ್ಗಿ ಬರೋ ಸಾವಿರಾರು ಸೈನಿಕರು, ಎಲ್ಲಾ ಬೇಕಿತ್ತು. ಆಮೇಲೆ ನಮ್ಮಲ್ಲಿ ಒಬ್ಬಳು ಕ್ಯಾಲ್ಕುಲೇಟರ್ ತೆಗೆದಳು. ಆ ದಿನ ಸೈನ್ಯ ದಾಟಿದ ಕಡೆ ನದಿಯ ಅಗಲ ಸುಮಾರು 280 ಗಜ, ಅಂದ್ರೆ 256 ಮೀಟರ್. ಸಣ್ಣ ಪ್ಲಾಸ್ಟಿಕ್ ಸೈನಿಕರ 1:72 ಸ್ಕೇಲಿನಲ್ಲಿ ಮಾಡಿದ್ರೂ ಬರೀ ನದಿಗೇ ಮೂರೂವರೆ ಮೀಟರ್ ಬೇಕು. ಕಾವೇರಿ ಹಾಸ್ಟೆಲ್ ರೂಮಿನ ಬಾಗಿಲು ದಾಟಿ ಕಾರಿಡಾರ್‌ಗೆ ಹರೀತಾಳೆ. ವಾರ್ಡನ್ ಒಪ್ಪಲ್ಲ.

ಮೊದಲ ಸಲ ಮಿಲಿಟರಿ ಡಯೋರಾಮಾ ಮಾಡೋರಿಗೆ ಈ ಬರಹ. ನಾವೂ ಮಾಡಿರೋದು ಒಂದೇ ಒಂದು, ಆದ್ದರಿಂದ ತಪ್ಪುಗಳು ಇನ್ನೂ ನೆನಪಿವೆ.

ಡಯೋರಾಮಾ ಅಂದ್ರೆ ಏನು ಅಂತ ಮನೇಲಿ ಕೇಳಿದಾಗ ನಾವು ಕೊಟ್ಟ ಉತ್ತರ: ದಸರಾದಲ್ಲಿ ಬೊಂಬೆ ಕೂರಿಸಿ, ಕೆಳಗಡೆ ರಾಗಿ ಮೊಳಕೆ ಬರಿಸಿ ಹೊಲ ಮಾಡಿ, ಕನ್ನಡಿ ಇಟ್ಟು ಕೆರೆ ಮಾಡ್ತೀವಲ್ಲ, ಅದೇ. ಒಂದೇ ವ್ಯತ್ಯಾಸ. ಬೊಂಬೆ ಜಗಲಿಯಲ್ಲಿ ಹಸು ಮನೆಗಿಂತ ದೊಡ್ಡದಿದ್ರೂ ಯಾರೂ ಕೇಳಲ್ಲ. ಡಯೋರಾಮಾದಲ್ಲಿ ಪ್ರತಿಯೊಂದು ವಸ್ತುವೂ ಒಂದೇ ಸ್ಕೇಲಿನಲ್ಲಿರಬೇಕು, ಜೊತೆಗೆ ಒಂದೇ ಕ್ಷಣಕ್ಕೆ ಸೇರಿರಬೇಕು. ಈ ಎರಡನೇ ಮಾತು ನಮಗೆ ಅರ್ಥ ಆಗಿದ್ದು ತಡವಾಗಿ.

ನಾವು ನಾಲ್ವರು, ಮಂಡ್ಯ ಜಿಲ್ಲೆಯ ನಾಲ್ಕು ತಾಲೂಕಿನವರು. ಕೋಟೆ ಪ್ಲಾನ್ ಬಿದ್ದ ಮೇಲೆ ಪ್ರತಿಯೊಬ್ಬರೂ ತಮ್ಮೂರನ್ನ ತಂದರು. ಪಾಂಡವಪುರದವನಿಗೆ ಚಿನಕುರಳಿ ಬೇಕಿತ್ತು; 1771ರಲ್ಲಿ ಹೈದರ್ ಮರಾಠರ ಕೈಲಿ ಜೋರಾಗಿ ಸೋತ ಜಾಗ ಅದು. ಅದು ಬೇಡ ಅಂದ್ರೆ ಹಿರೋಡೆಯಲ್ಲಿ ಫ್ರೆಂಚ್ ಸೈನಿಕರ ಬಿಡಾರ ಮಾಡೋಣ ಅಂದ, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಬಂದಿದ್ದೇ ಅವರಿಂದ. ಕೆ.ಆರ್. ಪೇಟೆಯವಳು ಯುದ್ಧವೇ ಯಾಕೆ, ಹೊಸಹೊಳಲು ದೇವಸ್ಥಾನ ಮಾಡೋಣ ಅಂದಳು. ಅದರ ಗೋಡೆಯ ಒಂದು ಅಡಿ ಕೆತ್ತನೆ ಮಾಡೋಕೆ ನಮಗೆ ನಾಲ್ಕು ಸೆಮಿಸ್ಟರ್ ಬೇಕಾಗುತ್ತೆ. ನಾಗಮಂಗಲದವನು ಮಾತ್ರ, "ನಮ್ಮೂರಿಂದ ಯುದ್ಧ ಬೇಡ, ಕೆಂಪು ಮಣ್ಣು ಎಷ್ಟು ಬೇಕೋ ತಗೊಳ್ಳಿ" ಅಂದ. ಕೊನೆಗೆ ಅವನ ಮಾತೇ ಹೆಚ್ಚು ಉಪಯೋಗಕ್ಕೆ ಬಂತು.

ಜಗಳ ಮುಗಿಸೋಕೆ ಒಂದು ಭಾನುವಾರ ದರಿಯಾ ದೌಲತ್‌ಗೆ ಹೋದ್ವಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಸ್ಕೂಲ್ ಟ್ರಿಪ್‌ನಲ್ಲಿ ಅದರ ಮುಂದೆ ಓಡಿಕೊಂಡು ಹೋಗಿದ್ವಿ, ನಿಂತು ನೋಡಿದ್ದು ಇದೇ ಮೊದಲು. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೈಲಿ, ಸುತ್ತ ಚೌಕಾಕಾರವಾಗಿ ನಿಂತ ಅವನ ಸಿಪಾಯಿಗಳು, ಸ್ಫೋಟಗೊಳ್ತಿರೋ ಮದ್ದಿನ ಗಾಡಿ, ಎಲ್ಲಾ ದಿಕ್ಕಿಂದ ಕುದುರೆ. ಇಡೀ ಯುದ್ಧ ಒಂದೇ ಗೋಡೆಯಲ್ಲಿ. ಮೊದಲು ನಡೆದಿದ್ದು, ಆಮೇಲೆ ನಡೆದಿದ್ದು ಎಲ್ಲ ಅಕ್ಕಪಕ್ಕ. ಗೋಡೆ ಚಿತ್ರಕ್ಕೆ ಆ ಸ್ವಾತಂತ್ರ್ಯ ಇದೆ. ಕಣ್ಣು ತಾನಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು ಹೋಗುತ್ತೆ. ಮೇಜಿನ ಮೇಲಿನ ಮಾಡೆಲ್‌ನಲ್ಲಿ ಹಾಗೆ ಮಾಡಿದ್ರೆ ಗುಜರಿ ಅಂಗಡಿ ಥರ ಕಾಣುತ್ತೆ. ವಾಪಸ್ ಬರೋ ಬಸ್ಸಿನಲ್ಲೇ ತೀರ್ಮಾನ ಆಯ್ತು: ಮೂರು ಜನ, ಒಂದು ಕಾಲುವೆ, ಒಂದು ರಾತ್ರಿ.

ಆ ರಾತ್ರಿ 1799ರ ಏಪ್ರಿಲ್ 5. ಕೋಟೆಗೂ ಇಂಗ್ಲಿಷ್ ಸೈನ್ಯದ ಬಿಡಾರಕ್ಕೂ ನಡುವೆ ಸುಲ್ತಾನ್‌ಪೇಟೆ ತೋಪು ಇತ್ತು. ಬಿದಿರು, ತೆಂಗು, ಎಲೆ ಬಳ್ಳಿ, ನಡುವೆ ನೀರಿನ ಕಾಲುವೆಗಳು. ಅಲ್ಲಿಂದ ಟಿಪ್ಪುವಿನ ಕಡೆಯವರು ರಾಕೆಟ್ ಬಿಡ್ತಿದ್ರು. ಕತ್ತಲಾದ ಮೇಲೆ ಆರ್ಥರ್ ವೆಲ್ಲೆಸ್ಲಿ ತನ್ನ ಪಡೆ ಕರ್ಕೊಂಡು ತೋಪಿಗೆ ನುಗ್ಗಿದ. ಆಗ ಅವನಿಗೆ 29 ವರ್ಷ, ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೋಲಿಸೋನು ಇವನೇ. ಇಲ್ಲಿ ಮಾತ್ರ ದಾರಿ ತಪ್ಪಿ, ಸೈನ್ಯ ಚದುರಿ, ಮೊಣಕಾಲಿಗೆ ಏಟು ತಿಂದು ಹಿಂದಿರುಗಿದ. ಮಾರನೇ ದಿನ ಬೆಳಕಿನಲ್ಲಿ ಬಂದು ತೋಪು ಹಿಡಿದ್ರು, ಅದು ಬೇರೆ ವಿಷಯ. ಹಗಲಲ್ಲಿ ನೋಡಿರದ ಜಾಗದ ಮೇಲೆ ರಾತ್ರಿ ದಾಳಿ ಮಾಡಲ್ಲ ಅಂತ ಆಮೇಲೆ ಅವನು ಅಣ್ಣನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ.

ಸ್ಕೇಲ್ 1:35 ಇಟ್ವಿ. ಮಿಲಿಟರಿ ಮಾಡೆಲ್‌ಗಳಲ್ಲಿ ತುಂಬಾ ಬಳಕೆಯಲ್ಲಿರೋದು ಇದು. ಐದೂವರೆ ಅಡಿ ಮನುಷ್ಯ 48 ಮಿಲಿಮೀಟರ್ ಆಗ್ತಾನೆ, ಕೈಯಲ್ಲಿ ಮಾಡಬಹುದು. ಜಾಗ ಎಷ್ಟು ಬೇಕು ಅನ್ನೋಕೆ ನಮ್ಮೂರ ಕಡೆಯ ಅಳತೆಯೇ ಸಾಕು: ಒಂದು 30×40 ಸೈಟು ಈ ಸ್ಕೇಲಿನಲ್ಲಿ 26 ಸೆಂಟಿಮೀಟರ್‌ಗೆ 35 ಸೆಂಟಿಮೀಟರ್. ಹಳೇ ಡ್ರಾಯಿಂಗ್ ಬೋರ್ಡಿನ ಒಂದು ತುಂಡು ಕೊಯ್ದ್ವಿ. ನಮ್ಮ ಯುದ್ಧಭೂಮಿ ಅಷ್ಟೇ. ಅದರಲ್ಲಿ ತೆಂಗಿನ ಮರ ನಿಲ್ಲಿಸೋಕೆ ಹೋಗಬೇಡಿ. 15 ಮೀಟರ್ ಮರ 43 ಸೆಂಟಿಮೀಟರ್ ಆಗಿ ಬೋರ್ಡಿಗಿಂತ ಎತ್ತರ ನಿಂತು, ಬೀಳೋ ಕಂಬದ ಥರ ಕಾಣುತ್ತೆ. ನಾವು ನಿಲ್ಲಿಸಿ, ಕಿತ್ತು, ಬಿದಿರು ಮೆಳೆ ಹಾಕಿದ್ವಿ.

ರಾಕೆಟ್ ಮಾಡೋದು ಸುಲಭ ಅಂದುಕೊಂಡಿದ್ವಿ, ಅದರ ಲೆಕ್ಕವೇ ಖುಷಿ ಕೊಟ್ಟಿದ್ದು. ಲಂಡನ್ನಿನ ವುಲಿಚ್ ಸಂಗ್ರಹದಲ್ಲಿದ್ದ ಮೈಸೂರು ರಾಕೆಟ್ ಒಂದರ ಅಳತೆ ಹೀಗಿದೆ: ಕಬ್ಬಿಣದ ಕೊಳವೆ 37 ಮಿಲಿಮೀಟರ್ ದಪ್ಪ, 198 ಮಿಲಿಮೀಟರ್ ಉದ್ದ; ಚರ್ಮದ ಪಟ್ಟಿಯಿಂದ ಅದನ್ನ 1.9 ಮೀಟರ್ ಬಿದಿರಿಗೆ ಕಟ್ಟಿದೆ. 35ರಿಂದ ಭಾಗಿಸಿ. ಕೊಳವೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ದಪ್ಪ, ಆರು ಮಿಲಿಮೀಟರ್‌ಗೂ ಕಮ್ಮಿ ಉದ್ದ. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸೋಲ್ಡರ್ ತಂತಿ ಸರಿಯಾಗಿ ಕೂರುತ್ತೆ. ಬಿದಿರು 54 ಮಿಲಿಮೀಟರ್, ಅದಕ್ಕೆ ಕಡ್ಡಿ ಪೊರಕೆಯ ತುದಿ. ಜೋಡಿಸಿದ ಮೇಲೆ ಗೊತ್ತಾಯ್ತು, ರಾಕೆಟ್ ಅದನ್ನ ಹಿಡಿಯೋ ಮನುಷ್ಯನಿಗಿಂತ ಉದ್ದ! ಎಷ್ಟು ಸಲ ಓದಿದ್ರೂ ಇದು ತಲೆಗೆ ಹೋಗಿರಲಿಲ್ಲ, ದೀಪಾವಳಿ ರಾಕೆಟ್ಟೇ ಕಣ್ಣ ಮುಂದೆ ಇತ್ತು. ಆ ಉದ್ದದ ಬಿದಿರೇ ಬಾಲ. ಅದಿಲ್ಲದಿದ್ರೆ ರಾಕೆಟ್ ಗಿರಗಿರ ತಿರುಗಿ ಬಿಟ್ಟವನ ಮೇಲೇ ಬರುತ್ತೆ. ಕಾಗದದ ಬದಲು ಕಬ್ಬಿಣದ ಕೊಳವೆ ಇದ್ದಿದ್ದಕ್ಕೆ ಒಳಗಿನ ಒತ್ತಡ ತಡೆದು ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗ್ತಿತ್ತು. ಇದನ್ನ ನೋಡಿಯೇ ಮುಂದೆ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ನಿಜವಾದ ಕೊಳವೆ ನೋಡೋಕೆ ಲಂಡನ್‌ಗೇ ಹೋಗಬೇಕಿಲ್ಲ. 2018ರಲ್ಲಿ ಹೊಸನಗರ ತಾಲೂಕಿನ ನಗರದ ಹತ್ತಿರ ಒಂದು ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದ್ವು, ಶಿವಮೊಗ್ಗದ ಮ್ಯೂಸಿಯಂಗೆ ಸೇರಿವೆ.

ಈಗ ನೆಲ. ಇಲ್ಲಿ ನಾವು ಎರಡು ಸಲ ಬಿದ್ವಿ. ಒಂದನೇ ಸಲ ಥರ್ಮೋಕೋಲ್ ಕೆತ್ತಿ ದಿಬ್ಬ, ಕಾಲುವೆ ಎಲ್ಲ ಮಾಡಿ, ಬೇಗ ಆಗಲಿ ಅಂತ ಸ್ಪ್ರೇ ಪೇಂಟ್ ಹೊಡೆದ್ವಿ. ಅದರಲ್ಲಿರೋ ಸಾಲ್ವೆಂಟ್‌ಗೆ ಥರ್ಮೋಕೋಲ್ ಕರಗುತ್ತೆ ಅಂತ ಮೊದಲ ವರ್ಷದ ಕೆಮಿಸ್ಟ್ರಿ ಪಾಸಾದ ನಾಲ್ವರಿಗೂ ಹೊಳೆಯಲಿಲ್ಲ. ಕಣ್ಣೆದುರೇ ದಿಬ್ಬ ಕುಸಿದು ಹೋಯ್ತು. ಥರ್ಮೋಕೋಲ್ ಮೇಲೆ ಮೊದಲು ಫೆವಿಕಾಲ್‌ನಲ್ಲಿ ನೆನೆಸಿದ ಕಾಗದ ಅಂಟಿಸಿ, ಒಣಗಿಸಿ, ಆಮೇಲೆ ನೀರಿನ ಬಣ್ಣ ಹಚ್ಚಿ. ಅದರ ಮೇಲೆ ನಾಗಮಂಗಲದ ಮಣ್ಣನ್ನ ಟೀ ಸೋಸೋ ಜಾಲರಿಯಲ್ಲಿ ಎರಡು ಸಲ ಜರಡಿ ಹಿಡಿದು ಉದುರಿಸಿದ್ವಿ. ಜರಡಿ ಯಾಕೆ ಅಂದ್ರೆ, ಒಂದು ಮಿಲಿಮೀಟರ್ ಮರಳು ಕಾಳು ಈ ಸ್ಕೇಲಿನಲ್ಲಿ ಮೂರೂವರೆ ಸೆಂಟಿಮೀಟರ್ ಜಲ್ಲಿಕಲ್ಲು. ನೀರೂ ಅಷ್ಟೇ, ನಿಜವಾದ ನೀರನ್ನ ಸಣ್ಣದು ಮಾಡೋಕಾಗಲ್ಲ, ಒಂದು ಹನಿ ಬಿದ್ರೆ ಗುಡಾಣದಷ್ಟು ಉಬ್ಬಿ ಕೂರುತ್ತೆ. ಅದಕ್ಕೇ ಕಾಲುವೆ ತಳಕ್ಕೆ ಕಪ್ಪು-ನೀಲಿ ಬಣ್ಣ, ಮೇಲೆ ನಾಲ್ಕೈದು ಕೋಟ್ ವಾರ್ನಿಷ್.

ಎರಡನೇ ಸಲ ಬಿದ್ದಿದ್ದು ಪಾಂಡವಪುರದಲ್ಲಿ. ಅವನ ಮನೆ ಜಗಲಿ ಮೇಲೆ ಮಾಡೆಲ್ ಒಣಗೋಕೆ ಇಟ್ಟಿದ್ವಿ. ಅವನ ತಾತ ಊರಿನಲ್ಲಿ ನೀರುಗಂಟಿ ಆಗಿದ್ದವರು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದನ್ನ ಜೀವಮಾನ ಪೂರ್ತಿ ನೋಡಿಕೊಂಡವರು. ಕನ್ನಡಕ ಸರಿ ಮಾಡ್ಕೊಂಡು ಬಗ್ಗಿ ನೋಡಿದ್ರು.

"ಏನ್ರಪ್ಪಾ, ಟಿಪ್ಪು ಕಾಲ್ದಲ್ಲೇ ವಿಸ್ವೇಸ್ವರಯ್ಯ ಬಂದ್‌ಬುಟ್ಟಿದ್ರಾ?"

ನೋಡಿದ್ರೆ ಹೌದು. ನಾವು ಮಾಡಿದ್ದು ವಿ.ಸಿ. ನಾಲೆ. ಎರಡು ಕಡೆ ಒಂದೇ ಇಳಿಜಾರು, ರೂಲರ್ ಹಿಡಿದು ಎಳೆದ ಅಂಚು, ಸಿವಿಲ್ ಪುಸ್ತಕದ ಟ್ರಪೀಜಾಯ್ಡ್. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದೇ 1911ರಲ್ಲಿ. 1799ರಲ್ಲಿ ಇದ್ದಿದ್ದು ಚಿಕ್ಕದೇವರಾಯರ ಕಾಲದ ನಾಲೆಯಂಥ ಹಳೇ ಕಾಲುವೆಗಳು, ಅದೂ ನದಿ ಪಕ್ಕದಲ್ಲಿ ಮಾತ್ರ.

"ಮಣ್ಣಿನ ಕಾಲ್ವೆ ಎಲ್ಡು ಕಡೆ ಒಂದೇ ಸಮ ಇರಕಿಲ್ಲ ಕನಪ್ಪ" ಅಂದ್ರು ತಾತ. "ತಿರುವಲ್ಲಿ ಹೊರಗಡೆ ದಡ ನೀರು ಕೊರ್ಕಂಡೋಯ್ತದೆ, ಒಳಗಡೆ ಗೋಡು ಕೂತ್ಕತದೆ. ದನ ಇಳಿಯೋ ತಾವು ಜರುಗಿರ್ತದೆ. ಅಲ್ಲೇ ಕನ ನಿಮ್ಮ ಸಿಪಾಯಿ ಬಚ್ಚಿಟ್ಕಳದು."

ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಒಂದು ಚಾಪ್ಟರ್ ಎರಡು ನಿಮಿಷದಲ್ಲಿ ಮುಗೀತು. ಬೇಲಿ ಅಂತ ನಾವು ಅಂಟಿಸಿದ್ದ ಲಂಟಾನ ಪೊದೆಯನ್ನೂ ಆವತ್ತೇ ಕಿತ್ವಿ, ಅದು ಭಾರತಕ್ಕೆ ಬಂದಿದ್ದೇ 19ನೇ ಶತಮಾನದಲ್ಲಿ. ನಮ್ಮ ಕಣ್ಣಿಗೆ ಅಭ್ಯಾಸವಾದ ಹಸಿರು ಮಂಡ್ಯವನ್ನೇ ನಾವು 1799 ಅಂದುಕೊಂಡಿದ್ವಿ. ಹೊರಡೋ ಮುಂಚೆ ತಾತ ರಾಕೆಟ್ ಹಿಡಿದವನನ್ನ ಬೆರಳಲ್ಲಿ ತೋರಿಸಿ ಕೇಳಿದ್ರು: "ಇವ್ನು ಯಾವೂರೋನು?"

ನಮಗೆ ಉತ್ತರ ಇರಲಿಲ್ಲ. ವೆಲ್ಲೆಸ್ಲಿಯ ಮೊಣಕಾಲಿನ ಗಾಯದ ಬಗ್ಗೆ ಎಲ್ಲಾ ಕಡೆ ಬರೆದಿದ್ದಾರೆ. ಆ ಕತ್ತಲಲ್ಲಿ ಬತ್ತಿಗೆ ಬೆಂಕಿ ಮುಟ್ಟಿಸಿದವನ ಹೆಸರು ನಾವು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಹಿರೋಡೆಯವನಿರಬಹುದು, ಅತ್ತಿಗುಪ್ಪೆಯವನಿರಬಹುದು, ಕೆ.ಆರ್. ಪೇಟೆಗೆ ಆಗ ಅದೇ ಹೆಸರು.

ಅಲ್ಲಿವರೆಗೂ ನಮ್ಮ ಬೊಂಬೆಗಳಿಗೆ ಮುಖವೇ ಇರಲಿಲ್ಲ. ಹೊಸಬರಿಗೆ ಒಳ್ಳೆ ಉಪಾಯ ಅಂತ ಮೂವರನ್ನೂ ನೋಡೋರಿಗೆ ಬೆನ್ನು ಮಾಡಿ ನಿಲ್ಲಿಸಿದ್ವಿ. ಬೊಂಬೆ ಮಾಡೋ ಕ್ರಮ ಇಷ್ಟು: ಸಣ್ಣ ತಾಮ್ರದ ತಂತಿ ಬಗ್ಗಿಸಿ ಅಸ್ಥಿಪಂಜರ, ಅದರ ಮೇಲೆ ಎಂ-ಸೀಲ್ ಕಲಸಿ ಮಾಂಸ, ಒಣಗಿದ ಮೇಲೆ ಇನ್ನೊಂದು ತೆಳು ಪದರದಲ್ಲಿ ಬಟ್ಟೆ. ಕೈಗೆ ಗ್ಲೌಸ್ ಇರಲಿ, ಬೆರಳಿಗೆ ಸ್ವಲ್ಪ ನೀರು ಮುಟ್ಟಿಸಿಕೊಂಡ್ರೆ ಅಂಟಲ್ಲ. ಮೊದಲು ಭಂಗಿ ಸರಿ ಮಾಡಿ. ತೂಕ ಯಾವ ಕಾಲ ಮೇಲಿದೆ ಅಂತ ನೀವೇ ನಿಂತು ನೋಡಿ, ಫೋಟೋ ತಗೊಳ್ಳಿ. ಮೊದಲನೇ ಸಿಪಾಯಿ ಬಸ್ಸಿಗೆ ಕಾಯ್ತಿರೋನ ಥರ ಇದ್ದ. ತಾತ ಕೇಳಿದ ಮೇಲೆ ಬತ್ತಿ ಹಚ್ಚೋನನ್ನ ತಿರುಗಿಸಿ ಕೂರಿಸಿದ್ವಿ. ಆರೂವರೆ ಮಿಲಿಮೀಟರ್ ತಲೆಯಲ್ಲಿ ಮುಖ ಕೆತ್ತೋಕೆ ಸೂಜಿ, ಮೂರು ಸಂಜೆ, ಹನ್ನೊಂದು ತಲೆ ಹಾಳು. ಹನ್ನೆರಡನೆಯದು ನಮ್ಮ ಮೆಸ್‌ನಲ್ಲಿ ಬಡಿಸೋ ಅಣ್ಣನ ಥರ ಬಂತು. ಅವರಿಗೆ ಹೇಳಿಲ್ಲ.

ಬಣ್ಣದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟಿಪ್ಪುವಿನ ಕಾಲಾಳುಗಳ ನೇರಳೆ ಅಂಗಿ, ಅದರ ಮೇಲಿನ ಬಿಳಿ ಹುಲಿಗುರುತು ನೋಡೋಕೆ ಚೆಂದ, ಆದರೆ ರಾತ್ರಿಯಲ್ಲಿ ನೇರಳೆ ನೇರಳೆಯಾಗಿ ಕಾಣಲ್ಲ. ಪ್ರತಿ ಬಣ್ಣಕ್ಕೂ ಸ್ವಲ್ಪ ನೀಲಿ-ಬೂದು ಬೆರೆಸಿ. ಬೆಂಕಿ ಬೆಳಕು ಬೀಳೋ ಕಡೆ ಮಾತ್ರ, ಅಂದ್ರೆ ಕೆನ್ನೆ, ಕೈ, ಬಿದಿರಿನ ಒಂದು ಬದಿಗೆ ತೆಳುವಾಗಿ ಕಿತ್ತಳೆ. ರಾಕೆಟ್ ಬಾಲದ ಕೆಳಗೆ ದೀಪಾವಳಿಗೆ ಮಾರೋ ಬ್ಯಾಟರಿ ದೀಪದ ಎಲ್‌ಇಡಿ ಕಿತ್ತು ಹಾಕಿದ್ವಿ. ಅದು ತಾನೇ ಮಿಣಮಿಣ ಅನ್ನುತ್ತೆ, ಸರ್ಕ್ಯೂಟ್ ಬೇಕಿಲ್ಲ. ಇಸಿಇಯವನು ಮೈಕ್ರೋಕಂಟ್ರೋಲರ್ ಹಾಕ್ತೀನಿ ಅಂತ ಹಠ ಮಾಡಿದ, ಊಟಕ್ಕೆ ಕಳಿಸಿದ್ವಿ.

ರಾಜ್ಯೋತ್ಸವದ ಪ್ರದರ್ಶನದಲ್ಲಿ ಇಟ್ಟಾಗ ಹೆಚ್ಚು ಜನ ಕೇಳಿದ ಪ್ರಶ್ನೆ, "ನೀವು ಯಾರ ಪರ?" ಟಿಪ್ಪು ಹೆಸರು ಬಂದ ಕಡೆ ಇದು ಬರುತ್ತೆ ಅಂತ ಗೊತ್ತಿತ್ತು. ಕಾಲುವೆ ಹೇಗಿದೆ ನೋಡಿ ಅಂತ ಹೇಳ್ತಿದ್ವಿ. ಒಂದು ಚಿಕ್ಕ ಹುಡುಗಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು: "ಇಂಗ್ಲಿಷ್‌ನೋರು ಎಲ್ಲಿ?" ಅವರು ಬೋರ್ಡಿನ ಮೇಲಿಲ್ಲ. ಕಾಲುವೆ ಅಂಚಿನಲ್ಲಿ ಒಂದು ಟೋಪಿ ಬಿದ್ದಿದೆ, ಮೂರೂ ಬೊಂಬೆಗಳು ಎಡಗಡೆ ಕತ್ತಲಿಗೆ ನೋಡ್ತಿವೆ. ಅವಳು ಹೋಗಿ ಎಡಗಡೆ ನಿಂತುಕೊಂಡು ನೋಡಿದಳು.

ಪ್ರದರ್ಶನ ಮುಗಿದ ಮೇಲೆ ಪಾಂಡವಪುರಕ್ಕೆ ತಗೊಂಡು ಹೋಗಿ ತಾತನಿಗೆ ತೋರಿಸಿದ್ವಿ. ತುಂಬಾ ಹೊತ್ತು ನೋಡಿದ್ರು. ಜರುಗಿದ ದಡ ಮುಟ್ಟಿ ತಲೆ ಆಡಿಸಿದ್ರು. ಆಮೇಲೆ, "ಯಾವ ತಿಂಗ್ಳು ಅಂದ್ರಿ?" ಅಂತ ಕೇಳಿದ್ರು. ಏಪ್ರಿಲ್ ಅಂದ್ವಿ.

"ಹಂಗಾರೆ ನೀರು ಜಾಸ್ತಿ ಆಯ್ತು ಕನ್ರಪ್ಪ."

ವಾರ್ನಿಷ್ ಕೆರೆಯೋಕೆ ಹೋದ್ರೆ ದಡವೂ ಕಿತ್ತು ಬರುತ್ತೆ. ಸದ್ಯಕ್ಕೆ ಮೇಲೆ ತೆಳುವಾಗಿ ಗೋಡುಮಣ್ಣು ಹಾಕಿ ನೀರನ್ನ ಅರ್ಧ ಮುಚ್ಚೋ ಪ್ರಯತ್ನ ನಡೀತಿದೆ, ಒಂದು ಮೂಲೆ ಒಣಗಿದೆ.