ಹೆಸರೊಂದು, ರಸಾಯನ ಹಲವು

ರೋಣ ಸೀಮೆಯ ಅಸೂಟಿಯಂಥ ಎರೆನೆಲದ ಊರುಗಳ ಬಾಲಿಕೆಯರು, ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಬಹುದೇ ಎಂದು ಕೇಳುವದುಂಟು. ಯಾವ ರಸಾಯನವೆಂದು ನಾವು ತಿರುಗಿ ಕೇಳುತ್ತೇವೆ.

ಎರೆಯಲ್ಲಿ ಸಿಕ್ಕುವ ಸುಣ್ಣದ ಹರಳನ್ನೇ ನೋಡಿರಿ. ಧಾರವಾಡದಲ್ಲಿ 1947ರಲ್ಲಿ ಸ್ಥಾಪಿತವಾದ ಕೃಷಿ ಮಹಾವಿದ್ಯಾಲಯದಂಥಲ್ಲಿ ಓದುವವಳಿಗೆ, ಸುಣ್ಣ ಹೆಚ್ಚಿದ ನೆಲದಲ್ಲಿ ಕಬ್ಬಿಣ, ಸತುವುಗಳು ಪೈರಿಗೆ ದಕ್ಕದಿರುವದೇ ಮುಖ್ಯ ವಿಷಯ. ಇಂಜಿನಿಯರಿಂಗಿನವಳು ಬಾಯ್ಲರಿನೊಳಗೆ ಕಟ್ಟುವ ಸುಣ್ಣದ ಪದರಿನ ವಿಚಾರವನ್ನು ಮೊದಲ ವರ್ಷದಲ್ಲಿ ಕಲಿತು, ಕೆಮಿಕಲ್ ಶಾಖೆಯ ಹೊರತು, ರಸಾಯನವನ್ನು ಬಿಟ್ಟುಬಿಡುತ್ತಾಳೆ. ಗೃಹವಿಜ್ಞಾನದವಳಿಗೆ ಗಡಸು ನೀರಿನಲ್ಲಿ ಬೇಳೆ ಬೇಯದ ಕಾರಣವು ಬೇಕು: ನೀರಿನ ಕ್ಯಾಲ್ಸಿಯಮ್ಮು ಬೇಳೆಯ ಪೆಕ್ಟಿನ್ನನ್ನು ಬಿಗಿಯುತ್ತದೆ. ಅಜ್ಜಿಯರು ಹಾಕುವ ಚಿಟಿಕೆ ಸೋಡಾ ಬೇಳೆಯನ್ನೇನೋ ಬೇಯಿಸೀತು, ಆದರೆ ಬಿ1 ಜೀವಸತ್ವವನ್ನು ಕೆಡಿಸುತ್ತದೆ! ಬಿ.ಎಸ್‌ಸಿ.ಯಲ್ಲಿ ರಸಾಯನವನ್ನೇ ಮುಖ್ಯವಾಗಿ ಆರಿಸಿದವಳು ಆ ಬಿಗಿತವೇತಕ್ಕೆಂದು ವರ್ಷಗಟ್ಟಲೆ ವಿಚಾರಿಸಿ, ನೀರಿನ ಗಡಸನ್ನು ತಾನೇ ಬ್ಯುರೆಟ್ಟಿನಿಂದ ಅಳೆಯುತ್ತಾಳೆ.

ಇವುಗಳಲ್ಲಿ ಮೇಲುಕೀಳಿಲ್ಲ. ಆದರೆ ಕಿರುಪಾಠವನ್ನಷ್ಟೇ ಓದಿದವಳು ಮುಂದೆ ರಸಾಯನದಲ್ಲಿ ಎಂ.ಎಸ್‌ಸಿ. ಬಯಸಿದರೆ ಪ್ರವೇಶವು ದುರ್ಲಭ. ಮರಳಿ ಮೊದಲಿನಿಂದ ಓದಲು ಎಷ್ಟು ಮನೆಗಳು ಒಪ್ಪಿಯಾವು? ಆದಕಾರಣ ಅರ್ಜಿ ಬರೆಯುವ ಮುಂಚೆಯೇ ಆಯಾ ಕಾಲೇಜಿನ ಪಾಠಪಟ್ಟಿಯನ್ನು ತರಿಸಿ, ರಸಾಯನವು ಎಷ್ಟು ವರ್ಷವಿದೆಯೆಂಬದನ್ನು ಎಣಿಸತಕ್ಕದ್ದು.